ಆಲ್ಟ್‌ಮ್ಯೂಲ್ ಕಣಿವೆಯ ಜಲ್ಲಿದಾರಿ: ಸೈಕಲ್ ರಸಿಕರಿಗೊಂದು ಕೈಪಿಡಿ

ಬವೇರಿಯಾದ ಆಲ್ಟ್‌ಮ್ಯೂಲ್ ನದಿಯನ್ನು ಮೊದಲ ಸಲ ಕಂಡವರಿಗೆ ಕೊಂಚ ನಿರಾಸೆಯೇ ಆಗುತ್ತದೆ. ಇಕ್ಕೆಲಗಳಲ್ಲಿ ಬಿಳಿ ಬಂಡೆಗಳು ಎದ್ದುನಿಂತ ಗುಡ್ಡಸಾಲು, ನಡುವೆ ಅಗಲವಾದ ಹಸಿರು ಕಣಿವೆ. ಅದರಲ್ಲಿ ಹರಿಯುವ ನೀರು ಮಾತ್ರ ಹುಡುಗರು ಕಲ್ಲೆಸೆದರೆ ಆಚೆ ದಡಕ್ಕೆ ಬೀಳುವಷ್ಟು ಕಿರಿದು. ಅದೂ ಹರಿಯುತ್ತಿದೆಯೋ ನಿಂತಿದೆಯೋ ಎಂದು ಅನುಮಾನ ಹುಟ್ಟಿಸುವಷ್ಟು ನಿಧಾನ. ಇಂಥ ಸಾಧು ನದಿ ಇಷ್ಟು ದೊಡ್ಡ ಕಣಿವೆಯನ್ನು ಕೊರೆಯಿತೆಂದರೆ ನಂಬುವುದು ಕಷ್ಟ, ನಂಬಬೇಕಾಗಿಯೂ ಇಲ್ಲ. ಕೊರೆದದ್ದು ಡ್ಯಾನ್ಯೂಬ್. ಹಿಮಯುಗದ ಕಾಲದಲ್ಲಿ ಆ ಮಹಾನದಿ ಡೋಲ್ನ್‌ಷ್ಟೈನ್ ಬಳಿ ಈ ಕಣಿವೆ ಸೇರಿ ಕೆಲ್‌ಹೈಮ್‌ವರೆಗೆ ಇಲ್ಲೇ ಹರಿಯುತ್ತಿತ್ತು. ಆಮೇಲೆ ದಕ್ಷಿಣಕ್ಕೆ ಬೇರೆ ಪಾತ್ರ ಹಿಡಿದು ಹೊರಟುಹೋಯಿತು. ಅಣ್ಣನ ಹಳೇ ಅಂಗಿ ತೊಟ್ಟ ತಮ್ಮನಂತೆ ಆಲ್ಟ್‌ಮ್ಯೂಲ್ ಈಗ ಅಲ್ಲಿದೆ.

ಈ ಅದಲುಬದಲಿನಿಂದ ಸೈಕಲ್ ತುಳಿಯುವವರಿಗೆ ಲಾಭವೇ ಆಗಿದೆ. ಕಣಿವೆಯ ತಳ ಅಗಲ, ಸಮತಟ್ಟು. ಹೊಲ, ರೈಲುಹಳಿ, ಡಾಂಬರು ರಸ್ತೆ ಎಲ್ಲಕ್ಕೂ ಜಾಗ ಕೊಟ್ಟಮೇಲೂ ಸೈಕಲ್ಲಿಗೆಂದು ಬೇರೊಂದು ದಾರಿ ಮಿಗುತ್ತದೆ. ಗುನ್‌ಜೆನ್‌ಹೌಸೆನ್‌ನಿಂದ ಕೆಲ್‌ಹೈಮ್‌ವರೆಗೆ ಸುಮಾರು 165 ಕಿ.ಮೀ. ಉದ್ದಕ್ಕೆ ಆ ದಾರಿ ಬಹುಪಾಲು ಮೋಟಾರುಗಳ ಸದ್ದಿನಿಂದ ದೂರವಾಗಿ, ಹೊಲದಂಚಿನಲ್ಲಿ, ಕಾಡಿನ ಬುಡದಲ್ಲಿ, ನೀರಿನ ಪಕ್ಕದಲ್ಲಿ ಸಾಗುತ್ತದೆ. ಊರೊಳಗೆ ಹೊಕ್ಕಾಗಷ್ಟೇ ಬೀದಿ. ನಡುವೆ ಎದುರಾಗುವ ವಾಹನವೆಂದರೆ ಹೆಚ್ಚಾಗಿ ಹುಲ್ಲು ಹೇರಿಕೊಂಡ ಟ್ರ್ಯಾಕ್ಟರ್. ಮ್ಯೂನಿಕ್, ಇಂಗೋಲ್‌ಷ್ಟಾಟ್, ನ್ಯೂರೆಂಬರ್ಗ್‌ಗಳಲ್ಲಿ ಕೆಲಸಕ್ಕಿರುವ ಕನ್ನಡಿಗರಿಗೆ ಇದು ಬೆಳಗಿನ ರೈಲು ಹಿಡಿದರೆ ತಲುಪುವ ಜಾಗ. ತುಳಿಯುವುದು ಸುಲಭ. ಅದರ ರುಚಿ ಹತ್ತಲು ಮಾತ್ರ ಸ್ವಲ್ಪ ಅಭ್ಯಾಸ ಬೇಕು.

ಮೊದಲ ಪಾಠ ಚಕ್ರದ ಕೆಳಗಿನದು. ಇಲ್ಲಿನ ದಾರಿಗೆ ಹಾಸಿರುವುದು ಪುಡಿಯೊಂದಿಗೆ ಬೆರೆತ ಸಣ್ಣ ಜಲ್ಲಿ. ಅದರ ಪುಡಿ ತೇವದಿಂದ ಬಿಗಿದುಕೊಂಡು, ಮೇಲೆ ಓಡಾಡಿದಷ್ಟೂ ಗಟ್ಟಿಯಾಗುತ್ತದೆ. ಗಾಲಿಗಳು ತುಳಿದ ಎರಡು ಬಿಳಿ ಪಟ್ಟೆ, ನಡುವೆ ಹುಲ್ಲಿನ ಗೆರೆ. ಪಟ್ಟೆಯ ಮೇಲಿರುವಾಗ ಟೈರಿನ ಸದ್ದು ಒಂದೇ ಸಮನೆ ಸಣ್ಣಗೆ ಕೇಳುತ್ತದೆ. ಅಂಚಿಗೆ ಸರಿದರೆ ಬಿಡಿಕಲ್ಲುಗಳು ಕಟಕಟ ಸಿಡಿಯುತ್ತವೆ. ಹಳಬರು ಕಣ್ಣು ಗುಡ್ಡದ ಮೇಲಿಟ್ಟು ದಾರಿಯನ್ನು ಕಿವಿಯಿಂದಲೇ ಹಿಡಿಯುತ್ತಾರೆ. ಹೊಸಬರು ಮುಂದಿನ ಚಕ್ರವನ್ನೇ ದಿಟ್ಟಿಸುತ್ತ ಕೂರುವುದರಿಂದ ಕೋಟೆ ಬಂದದ್ದೂ ಹೋದದ್ದೂ ಗೊತ್ತಾಗುವುದಿಲ್ಲ.

ಗ್ರಾವೆಲ್ ಬೈಕ್ ಎಂಬ ಹೆಸರಿನಲ್ಲಿ ಈಗ ಅಂಗಡಿಗಳಲ್ಲಿ ಮಾರಾಟವಾಗುವ ದುಬಾರಿ ಸೈಕಲ್ಲೇ ಬೇಕೆಂದೇನಿಲ್ಲ. ಬುಟ್ಟಿ ಕಟ್ಟಿದ ಸಾದಾ ಸೈಕಲ್ಲಿನಲ್ಲಿ ಜರ್ಮನ್ ಅಜ್ಜ-ಅಜ್ಜಿಯರು ಇದೇ ದಾರಿಯನ್ನು ಆರಾಮವಾಗಿ ಮುಗಿಸುತ್ತಾರೆ. ಮುಖ್ಯವಾದದ್ದು ಟೈರು: 40 ಮಿ.ಮೀ. ಆಸುಪಾಸಿನ ಅಗಲವಿದ್ದರೆ ಸಾಕು. ಗಾಳಿಯನ್ನು ಕಲ್ಲಿನಂತಾಗುವವರೆಗೆ ಹೊಡೆಸಬಾರದು. ಗಟ್ಟಿ ಟೈರು ಪ್ರತಿ ಹರಳಿಗೂ ಪುಟಿದು ಆ ಪೆಟ್ಟನ್ನು ಮಣಿಕಟ್ಟಿಗೆ ದಾಟಿಸುತ್ತದೆ; ಗಾಳಿ ಸ್ವಲ್ಪ ಕಡಿಮೆಯಿದ್ದರೆ ಹರಳನ್ನು ಟೈರೇ ನುಂಗಿಕೊಳ್ಳುತ್ತದೆ, ಹಿಡಿತವೂ ಹೆಚ್ಚುತ್ತದೆ. ಮೊಣಕೈ ಸಡಿಲವಾಗಿರಲಿ. ತಿರುವಿನಲ್ಲಿ ಜಲ್ಲಿ ಕಿತ್ತು ಹೊರಗೆ ರಾಶಿಬಿದ್ದಿರುತ್ತದೆ. ಬ್ರೇಕ್ ಹಿಡಿಯುವುದಿದ್ದರೆ ತಿರುವಿಗೆ ಮೊದಲೇ ಹಿಡಿಯಬೇಕು, ತಿರುಗುತ್ತ ಮುಂದಿನ ಬ್ರೇಕ್ ಒತ್ತಿದವರು ಮೊಣಕಾಲು ತರಚಿಸಿಕೊಳ್ಳುತ್ತಾರೆ. ಮಳೆ ಬಂದರೆ ಪುಡಿಯೆಲ್ಲ ಬಿಳಿ ಗಸಿಯಾಗಿ ಚೈನಿಗೆ, ಮಡ್‌ಗಾರ್ಡಿಗೆ, ಪ್ಯಾಂಟಿಗೆ ಮೆತ್ತಿಕೊಳ್ಳುತ್ತದೆ. ಸಂಜೆ ತೊಳೆಯದೆ ಬಿಟ್ಟರೆ ಬೆಳಗ್ಗೆ ಚೈನು ಕಿರುಗುಟ್ಟುವುದು ಖಂಡಿತ.

ಆ ಬಿಳಿ ಗಸಿ ಈ ನಾಡಿನ ಸುಣ್ಣಕಲ್ಲು. ಚಕ್ರದ ಕೆಳಗಿರುವ ಕಲ್ಲು, ಮನೆಯ ಸೂರಿನ ಕಲ್ಲು, ಕೋಟೆಯ ಗೋಡೆಯ ಕಲ್ಲು ಎಲ್ಲ ಒಂದೇ ಬಳಗದ್ದು ಎಂದು ಹೊಳೆದ ಗಳಿಗೆಯಿಂದ ಕಣಿವೆ ಬೇರೆಯೇ ಆಗಿ ಕಾಣತೊಡಗುತ್ತದೆ. ಸುಮಾರು 15 ಕೋಟಿ ವರ್ಷಗಳ ಹಿಂದೆ ಇಲ್ಲಿ ಬೆಚ್ಚಗಿನ ಕಡಲಿತ್ತು. ಸೋಲ್ನ್‌ಹೋಫೆನ್ ಸಮೀಪ ಹುಲ್ಲಿನ ಇಳಿಜಾರಿನಲ್ಲಿ ಸಾಲಾಗಿ ಎದ್ದಿರುವ ‘ಹನ್ನೆರಡು ಅಪೊಸ್ತಲರು’ ಎಂಬ ಬಂಡೆಗಳು ಆ ಕಡಲಿನ ದಿಬ್ಬಗಳು. ಸ್ಪಂಜುಗಳೂ ಸೂಕ್ಷ್ಮಜೀವಿಗಳೂ ಕಟ್ಟಿದವು. ದಿಬ್ಬಗಳ ನಡುವಿನ ನಿಂತ ನೀರಿನಲ್ಲಿ ಕೆಸರು ಪದರ ಪದರವಾಗಿ ಕೂತು ತೆಳು ಹಲಗೆಯಂಥ ಕಲ್ಲಾಯಿತು. ಹಲ್ಲೂ ಗರಿಯೂ ಇದ್ದ ಆರ್ಕಿಯಾಪ್ಟೆರಿಕ್ಸ್ ಹಕ್ಕಿ ಆ ಪದರಗಳಲ್ಲೇ ಸಿಕ್ಕಿ 1861ರಲ್ಲಿ ಹೆಸರು ಪಡೆಯಿತು.

ಊರುಗಳನ್ನು ದಾಟುವಾಗ ಮಾಡು ನೋಡಬೇಕು. ಹಳೆಯ ಮನೆಗಳಿಗೆ ಹೆಂಚಿಲ್ಲ. ತೆಳು ಸುಣ್ಣಕಲ್ಲಿನ ಚಪ್ಪಡಿಗಳನ್ನೇ ಒಂದರ ಮೇಲೊಂದು ಹಲವು ಪದರ ಹೊದಿಸಿದ್ದಾರೆ. ಚಪ್ಪಡಿಗೆ ಮೊಳೆಯಿಲ್ಲ, ಭಾರದಿಂದಲೇ ನಿಲ್ಲಬೇಕು. ಹಾಗಾಗಿ ಮಾಡಿನ ಇಳಿಜಾರು ತೀರಾ ಕಡಿಮೆ. ಬವೇರಿಯಾದ ಬೇರೆಡೆಯ ಚೂಪು ಸೂರುಗಳನ್ನು ಕಂಡವರಿಗೆ ಈ ಚಪ್ಪಟೆ ತಲೆಯ ಬೆಳ್ಳನೆ ಮನೆಗಳು ಇಟಲಿಯ ಕಡೆಯವೇನೋ ಅನ್ನಿಸಿದರೆ ಆಶ್ಚರ್ಯವಿಲ್ಲ.

ಇದೇ ಕಲ್ಲಿಗೆ ಕನ್ನಡದ ಜೊತೆಗೂ ಒಂದು ನಂಟಿದೆ. 18ನೇ ಶತಮಾನದ ಕೊನೆಯಲ್ಲಿ ಮ್ಯೂನಿಕ್‌ನಲ್ಲಿ ಅಲೋಯಿಸ್ ಸೆನೆಫೆಲ್ಡರ್ ಕಲ್ಲಚ್ಚಿನ ವಿಧಾನ ಕಂಡುಹಿಡಿದಾಗ ಅವನಿಗೆ ಒದಗಿದ್ದು ಸೋಲ್ನ್‌ಹೋಫೆನ್ ಸೀಮೆಯ ನುಣುಪು ಸುಣ್ಣಕಲ್ಲು. ಜಿಡ್ಡಿನ ಶಾಯಿಯನ್ನೂ ನೀರನ್ನೂ ಬೇರೆಬೇರೆಯಾಗಿ ಹಿಡಿದಿಡುವುದಕ್ಕೆ ಅದರಷ್ಟು ಒಳ್ಳೆಯ ಕಲ್ಲು ಇನ್ನೊಂದಿಲ್ಲವೆಂದು ಲೋಕವೆಲ್ಲ ಒಪ್ಪಿತು. ಅದೇ ವಿಧಾನ ಬಾಸೆಲ್ ಮಿಷನ್ನಿನವರ ಕೈಯಲ್ಲಿ ಮಂಗಳೂರಿಗೆ ಬಂದು, ಹೆರ್ಮನ್ ಮೋಗ್ಲಿಂಗ್ 1843ರಲ್ಲಿ ಆರಂಭಿಸಿದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲೇ ಹೊರಬಂತು. ಕನ್ನಡ ಪತ್ರಿಕೆಗಳ ಚರಿತ್ರೆ ಓದಿದವರು ಸೋಲ್ನ್‌ಹೋಫೆನ್ ಸ್ಟೇಷನ್ನಿನಲ್ಲಿ ಸೈಕಲ್ ನಿಲ್ಲಿಸಿ ಊರೊಳಗೊಂದು ಸುತ್ತು ಹಾಕದೆ ಮುಂದೆ ಹೋಗಬಾರದು.

ಇನ್ನು ಕೋಟೆಗಳು. ಇವುಗಳ ಮಟ್ಟಿಗೆ ಹೊಸಬರು ಮಾಡುವ ದೊಡ್ಡ ತಪ್ಪೆಂದರೆ ಕಂಡ ಕೋಟೆಗೆಲ್ಲ ಹತ್ತಲು ಹೊರಡುವುದು. ಕಣಿವೆಯ ಕೋಟೆ ಕಟ್ಟಿದ್ದೇ ಕೆಳಗಿನ ದಾರಿಯಲ್ಲಿ ಹೋಗುವವರ ಕಣ್ಣಿಗೆ ಬೀಳಲೆಂದು, ಅವರ ಮೇಲೆ ಕಣ್ಣಿಡಲೆಂದು. ಅದನ್ನು ನೋಡಲು ತಕ್ಕ ಜಾಗ ಕೆಳಗಿನ ದಾರಿಯೇ. ನದಿ ಎಲ್ಲಿ ಗುಡ್ಡದ ಮೂಗನ್ನು ಬಳಸಿ ತಿರುಗುತ್ತದೋ ಅಲ್ಲಿ ಮೂಗಿನ ತುದಿಯಲ್ಲೊಂದು ಕೋಟೆ ಇರುತ್ತದೆಂದು ಊಹಿಸಿಬಿಡಬಹುದು, ಊಹೆ ಬಹಳ ಸಲ ನಿಜವಾಗುತ್ತದೆ. ಮೂರು ಕಡೆ ಇಳಿಜಾರು ಕಾಯುತ್ತದೆ, ನಾಲ್ಕನೆಯ ಕಡೆಗೆ ಒಂದು ಕಂದಕ ತೋಡಿದರೆ ಆಯಿತು. ಪಾಪ್ಪೆನ್‌ಹೈಮ್‌ನಲ್ಲಿ ಈ ಲೆಕ್ಕ ಸ್ಪಷ್ಟವಾಗಿ ಕಾಣುತ್ತದೆ. ಪವಿತ್ರ ರೋಮನ್ ಸಾಮ್ರಾಜ್ಯದ ವಂಶಪಾರಂಪರ್ಯ ಮಾರ್ಷಲ್‌ಗಳಾಗಿದ್ದ ಮನೆತನದ ಕೋಟೆ ಅದು. ನದಿ ಊರನ್ನೂ ಕೋಟೆಯನ್ನೂ ಸುತ್ತಿಕೊಂಡು ಹೋಗುವುದರಿಂದ ಸೈಕಲ್ ಮುಂದೆ ಸಾಗಿದಂತೆ ಅದೇ ಕೋಟೆ ಬಲಕ್ಕೂ ಎಡಕ್ಕೂ ಹಿಂದಕ್ಕೂ ಬರುತ್ತದೆ. ಜಲ್ಲಿದಾರಿಯ ಗಂಟೆಗೆ 15 ಕಿ.ಮೀ. ವೇಗಕ್ಕೆ ಈ ಆಟ ಪೂರ್ತಿ ಸಿಗುತ್ತದೆ. ಕಾರಿನವರಿಗೆ ಅದರ ಅರ್ಧವೂ ದಕ್ಕುವುದಿಲ್ಲ.

ಐಖ್‌ಷ್ಟೆಟ್‌ನ ವಿಲಿಬಾಲ್ಡ್ಸ್‌ಬುರ್ಗ್ ಮಾತ್ರ ಹತ್ತಿ ನೋಡಬೇಕಾದದ್ದು. 14ನೇ ಶತಮಾನದ ನಡುವಿನಿಂದ ಬಿಷಪ್ಪರು ಅಲ್ಲಿದ್ದು ಆಳಿದರು. ಅವರಲ್ಲೊಬ್ಬರಾದ ಗೆಮ್ಮಿಂಗೆನ್ ತಮ್ಮ ತೋಟದ ಗಿಡಗಳನ್ನೆಲ್ಲ ಚಿತ್ರ ಮಾಡಿಸಿದರು. ನ್ಯೂರೆಂಬರ್ಗ್‌ನ ಔಷಧಿ ವ್ಯಾಪಾರಿ ಬಾಸಿಲಿಯಸ್ ಬೆಸ್ಲರ್ 1613ರಲ್ಲಿ ಹೊರತಂದ ಆ ಪುಸ್ತಕದಲ್ಲಿ 367 ಚಿತ್ರಪುಟಗಳಿವೆ, ಸಾವಿರಕ್ಕೂ ಹೆಚ್ಚು ಗಿಡಗಳಿವೆ. ಮೂಲ ತೋಟ ಹಾಳಾಯಿತು. ಪುಸ್ತಕ ನೋಡಿಕೊಂಡು ಬುರುಜಿನ ಮೇಲೆ ಹೊಸ ತೋಟ ನೆಟ್ಟಿದ್ದಾರೆ. ಕೋಟೆಯೊಳಗಿನ ಜುರಾ ಮ್ಯೂಸಿಯಮ್ಮಿನಲ್ಲಿ ಆರ್ಕಿಯಾಪ್ಟೆರಿಕ್ಸ್ ಕಲ್ಲೂ ಇದೆ. ಹತ್ತಿರದ ಬ್ಲೂಮೆನ್‌ಬೆರ್ಗ್ ಕ್ವಾರಿಯಲ್ಲಿ ಸುತ್ತಿಗೆ, ಉಳಿ ಬಾಡಿಗೆಗೆ ಪಡೆದು ಯಾರು ಬೇಕಾದರೂ ಕಲ್ಲು ಸೀಳಬಹುದು. ಅಲ್ಲಿ ಜರೀಗಿಡದ ಎಲೆಯಂತೆ ಕಾಣುವ ಕಪ್ಪು ಗುರುತು ಸಿಕ್ಕರೆ ಕುಣಿದಾಡುವುದು ಬೇಡ: ಅದು ಬಿರುಕಿನಲ್ಲಿ ಜಿನುಗಿದ ಮ್ಯಾಂಗನೀಸ್, ಕಬ್ಬಿಣದ ಕಲೆ. ಗಿಡಕ್ಕೂ ಅದಕ್ಕೂ ಸಂಬಂಧವಿಲ್ಲ.

ಕೆಳಗೆ ಗುಂಗೋಲ್ಡಿಂಗ್ ಹತ್ತಿರ ಇಳಿಜಾರುಗಳು ಬೋಳಾಗಿ, ಅಲ್ಲಲ್ಲಿ ಜುನಿಪರ್ ಪೊದೆಗಳು ನೆಟ್ಟಗೆ ನಿಂತಿರುತ್ತವೆ. ಈ ಬೋಳು ತಾನಾಗಿ ಬಂದದ್ದಲ್ಲ. ಕುರಿಮಂದೆ ಮೇಯುವುದು ನಿಂತರೆ ಕಾಡು ಮತ್ತೆ ಆವರಿಸಿಕೊಳ್ಳುತ್ತದೆ. ಜುನಿಪರಿನ ಮುಳ್ಳಿಗೆ ಕುರಿ ಬಾಯಿ ಹಾಕದ್ದರಿಂದ ಅದೊಂದು ಉಳಿದಿದೆ. ಮಂದೆ ದಾರಿಗೆ ಅಡ್ಡ ಬಂದರೆ ಬೆಲ್ ಬಾರಿಸದೆ ಸೈಕಲ್ಲಿನಿಂದ ಇಳಿದು ನಿಲ್ಲುವುದು ಮರ್ಯಾದೆ.

ಮುಂದಿನ ಕಿಪ್‌ಫೆನ್‌ಬೆರ್ಗ್‌ನಲ್ಲಿ ಸೈಕಲ್ ರೋಮನ್ ಸಾಮ್ರಾಜ್ಯದಿಂದ ಹೊರಬೀಳುತ್ತದೆ, ಏಕೆಂದರೆ ರೋಮನ್ನರ ಗಡಿಗೋಡೆ ಲಿಮೆಸ್ ಕಣಿವೆಯನ್ನು ದಾಟುವುದು ಅಲ್ಲೇ. ಊರ ಮೇಲಿನ ಕೋಟೆ ಕ್ಯಾಲೆಂಡರಿನ ಚಿತ್ರದಷ್ಟು ಅಚ್ಚುಕಟ್ಟು, ಅನುಮಾನ ಬರಬೇಕಾದದ್ದೂ ಅಲ್ಲಿಯೇ. ಪಾಳುಬಿದ್ದಿದ್ದ ಅದನ್ನು 20ನೇ ಶತಮಾನದ ಆರಂಭದಲ್ಲಿ ಬೋಡೊ ಎಬ್‌ಹಾರ್ಟ್ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ ಮತ್ತೆ ಕಟ್ಟಲಾಯಿತು. ತೀರಾ ಒಪ್ಪವಾಗಿರುವ ಕೋಟೆಗಳ ವಯಸ್ಸು ಕೇಳಿ ತಿಳಿಯುವುದು ಒಳ್ಳೆಯ ಚಾಳಿ. ಹಿಂದೆ ಬಿಟ್ಟುಬಂದ ಆರ್ನ್ಸ್‌ಬೆರ್ಗ್ ಬಂಡೆಯ ಮೇಲಿನ ಮುರುಕು ಗೋಡೆಗಳು ಈ ದೃಷ್ಟಿಯಿಂದ ಹೆಚ್ಚು ಪ್ರಾಮಾಣಿಕ.

ಡೀಟ್‌ಫುರ್ಟ್ ದಾಟಿದ ಮೇಲೆ ಆಲ್ಟ್‌ಮ್ಯೂಲ್ ತನ್ನ ಸ್ವಭಾವ ಕಳೆದುಕೊಳ್ಳುತ್ತದೆ. 1992ರಲ್ಲಿ ಮುಗಿದ ಮೈನ್–ಡ್ಯಾನ್ಯೂಬ್ ಕಾಲುವೆ ಅಲ್ಲಿಂದ ಅದರ ಪಾತ್ರವನ್ನೇ ನುಂಗಿದೆ. ನೀರು ಅಗಲ, ದಡ ನೇರ, ನಡುವೆ ಸರಕಿನ ಹಡಗುಗಳು. ಈ ಎರಡು ನದಿಗಳನ್ನು ಜೋಡಿಸುವ ಹಂಬಲ ಹಳೆಯದು: 793ರಲ್ಲಿ ಚಾರ್ಲ್‌ಮೇನ್ ತೋಡಿಸಹೊರಟ ಕಾಲುವೆಯ ಗುರುತು ಟ್ರಾಯ್ಖ್ಟ್‌ಲಿಂಗೆನ್ ಬಳಿಯ ಗ್ರಾಬೆನ್ ಹಳ್ಳಿಯಲ್ಲಿ ಈಗಲೂ ನೀರು ತುಂಬಿಕೊಂಡಿದೆ, 19ನೇ ಶತಮಾನದಲ್ಲಿ ದೊರೆ ಲೂಡ್‌ವಿಗ್ ಕಟ್ಟಿಸಿದ ಕಾಲುವೆಯ ತುಣುಕುಗಳು ಕೆಲ್‌ಹೈಮ್ ಕಡೆಗೆ ಸಿಗುತ್ತವೆ. ತುಳಿಯುವ ಸುಖಕ್ಕೆ ಮೇಲಿನ ಭಾಗವೇ ಮೇಲು. ಹಾಗೆಂದು ಐಖ್‌ಷ್ಟೆಟ್‌ನಲ್ಲೇ ರೈಲು ಹತ್ತಿದರೆ ಪ್ರುನ್ ತಪ್ಪಿಹೋಗುತ್ತದೆ.

ಪ್ರುನ್ ಕೋಟೆಯನ್ನು ಬಿಡಬಾರದು. ರೀಡೆನ್‌ಬುರ್ಗ್‌ನ ಕೆಳಗೆ, ನೀರಿನಿಂದ ನೆಟ್ಟಗೆ ಮೇಲೆದ್ದ ಬಂಡೆಯ ಅಂಚಿಗೆ ಅಂಟಿಕೊಂಡಂತಿದೆ ಅದು. ಬಂಡೆ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸುವುದು ಕಷ್ಟ. ಗೋಡೆಯ ಮೇಲೆ ಕೆಂಪು ನೆಲದಲ್ಲಿ ನೆಗೆಯುತ್ತಿರುವ ಬಿಳಿ ಕುದುರೆ, ಕೋಟೆಯಾಳಿದ ಫ್ರೌನ್‌ಬೆರ್ಗ್ ಮನೆತನದ ಲಾಂಛನ. ಅದನ್ನು ಅಷ್ಟು ದೊಡ್ಡದಾಗಿ ಬರೆಸಿದ್ದು ಕಣಿವೆಯಲ್ಲಿ ಹೋಗುವವರಿಗೆ ಕಾಣಲೆಂದೇ, ಸೈಕಲ್ಲಿನವರಿಗೂ ಅದು ಚೆನ್ನಾಗಿಯೇ ಕಾಣುತ್ತದೆ. ಜರ್ಮನರ ಮಧ್ಯಯುಗದ ವೀರಕಾವ್ಯ ನಿಬೆಲುಂಗೆನ್‌ಲೀಡ್‌ನ ಒಂದು ಹಸ್ತಪ್ರತಿ 16ನೇ ಶತಮಾನದಲ್ಲಿ ಸಿಕ್ಕಿದ್ದು ಈ ಕೋಟೆಯಲ್ಲಿ. ಅದು ಈಗ ಮ್ಯೂನಿಕ್‌ನ ರಾಜ್ಯ ಗ್ರಂಥಾಲಯದಲ್ಲಿದೆ. ಮೇಲೆ ಹೋಗುವ ದಾರಿ ಕಡಿದು, ಒಳಗೆ ಗೈಡ್ ಜೊತೆಗೇ ಪ್ರವೇಶ. ಕಾಲು ಸೋತಿದ್ದರೆ ಆಚೆ ದಡದಲ್ಲಿ ನಿಂತು ನೋಡಿದರೂ ನಷ್ಟವಿಲ್ಲ.

ಎಸ್ಸಿಂಗ್‌ನಲ್ಲಿ 1986ರ ಮರದ ಸೇತುವೆ ಸುಮಾರು 190 ಮೀಟರ್ ಉದ್ದಕ್ಕೆ ಅಲೆಅಲೆಯಾಗಿ ಏರಿಳಿಯುತ್ತ ಕಾಲುವೆ ದಾಟುತ್ತದೆ. ಅದರ ಮೇಲಿಂದ ರಾಂಡೆಕ್ ಕೋಟೆಯ ಗೋಪುರ ಸೊಗಸಾಗಿ ಕಾಣುತ್ತದೆ. ಕೆಲ್‌ಹೈಮ್ ಅಲ್ಲಿಂದ ದೂರವಿಲ್ಲ. ಆ ಊರಿಗೆ ಪ್ರಯಾಣಿಕರ ರೈಲಿಲ್ಲದ್ದರಿಂದ ವಾಪಸಿಗೆ ಸಾಲ್ ಸ್ಟೇಷನ್ನಿನವರೆಗೆ ಇನ್ನಷ್ಟು ತುಳಿಯಬೇಕು; ಸೈಕಲ್ಲಿಗೂ ಟಿಕೆಟ್ ಬೇಕೆಂಬುದನ್ನು ಮರೆಯಬಾರದು. ಒಂದು ದಿನ ಮಿಕ್ಕವರು ಡ್ಯಾನ್ಯೂಬ್ ಕಂದರದೊಳಗೆ ವೆಲ್ಟೆನ್‌ಬುರ್ಗ್ ಮಠಕ್ಕೆ ಹೋಗಿಬರಬಹುದು. ಬಂಡೆಗಳು ನೀರಿಗೇ ಇಳಿದಿರುವ ಆ ಕಂದರದಲ್ಲಿ ಸೈಕಲ್ ದಾರಿಯಿಲ್ಲ, ಕೆಲ್‌ಹೈಮ್‌ನ ಧಕ್ಕೆಯಿಂದ ದೋಣಿ ಹತ್ತಬೇಕು. ಚಳಿಗಾಲದಲ್ಲಿ ಆ ದೋಣಿಗಳಿಗೆ ರಜೆ.