ಹಾಡು ಉಳಿಯಿತು, ಗೆಜ್ಜೆ ಎಲ್ಲಿ?

“ಹಾಡು ಛಲೋ ಅದಾವವಾ. ಆದರ ಕಾಲು ಎಲ್ಲಿ ಹೋದವು?”

ರಂಗಗೀತೆಗಳ ಕಾರ್ಯಕ್ರಮ ಮುಗಿಸಿಕೊಂಡು ಆಟೋ ಹತ್ತುವಾಗ ಆಯಿ ಹೀಗೆ ಕೇಳಿದರು. ಚಪ್ಪಲಿ ಕಳೆದುಕೊಂಡಿರಬೇಕೆಂದು ನಾನು ಬಗ್ಗಿ ಅವರ ಕಾಲು ನೋಡಿದೆ. ಚಪ್ಪಲಿ ಎರಡೂ ಇದ್ದವು.

ಆಯಿ ನನ್ನ ಸ್ವಂತ ಅಜ್ಜಿಯಲ್ಲ. ಇಳಕಲ್ಲಿನಲ್ಲಿ ನಮ್ಮ ಹಿಂದಿನ ಓಣಿಯವರು, ಮಗ್ಗದವರಿಗೆ ಕಂಡಕಿ ಸುತ್ತಿಕೊಟ್ಟೇ ಬದುಕು ಸಾಗಿಸಿದವರು. ಎಂಬತ್ತು ದಾಟಿದೆ. ಮದುವೆಗೆ ಮೊದಲು ಏಳೆಂಟು ವರ್ಷ ಒಂದು ನಾಟಕ ಕಂಪನಿಯಲ್ಲಿ ಇದ್ದರೆಂಬುದು ಓಣಿಗೆಲ್ಲ ಗೊತ್ತು. ಅವರ ಮನೆಯಲ್ಲಿ ಮಾತ್ರ ಆ ಮಾತು ಎತ್ತುವಂತಿಲ್ಲ. ಹೆಸರು ಹಾಕಬಾರದು ಎಂಬ ಷರತ್ತಿನ ಮೇಲೆ ನನಗೆ ಇಷ್ಟು ಬರೆಯಲು ಒಪ್ಪಿಗೆ ಕೊಟ್ಟಿದ್ದಾರೆ.

ಅಂದಿನ ಕಾರ್ಯಕ್ರಮ ನನಗೆ ತುಂಬಾ ಹಿಡಿಸಿತ್ತು. ಕಲಾವಿದರು ಜಮಖಾನೆಯ ಮೇಲೆ ಸಾಲಾಗಿ ಕುಳಿತಿದ್ದರು. ಒಂದು ಪೇಟಿ, ಒಂದು ತಬಲಾ. ಪ್ರತಿ ಹಾಡಿಗೂ ಮುನ್ನ ನಾಟಕದ ಹೆಸರು, ರಾಗದ ಹೆಸರು, ಒಂದೆರಡು ಒಳ್ಳೆಯ ಮಾತು. ಹಾಡಿದ ಹೆಣ್ಣುಮಕ್ಕಳ ಕಂಠವೂ ಚೆನ್ನಾಗಿತ್ತು. ಆದರೆ ಆಯಿಯ ಪ್ರಶ್ನೆ ಕೇಳಿದ ಮೇಲೆ ನನಗೆ ಎಲ್ಲವೂ ಬೇರೆಯಾಗಿ ಕಾಣತೊಡಗಿತು. ಆ ಹಾಡುಗಳಲ್ಲಿ ಅರ್ಧ ಭಾಗವಾದರೂ ನಿಂತು, ತಿರುಗಿ, ಸೆರಗು ಸಿಕ್ಕಿಸಿ ಹಾಡಿದವು. ಈಗ ಅವನ್ನು ದೇವರ ಮುಂದೆ ಕುಳಿತವರಂತೆ ಕಣ್ಣು ಮುಚ್ಚಿ ಹಾಡುತ್ತಾರೆ. ನಡೆ ನಿಧಾನವಾಗಿದೆ. ಎರಡು ಚರಣಗಳ ನಡುವೆ ಪೇಟಿಯವರು ಒಂದು ಸಾಲು ನುಡಿಸಿ ಮುಗಿಸುತ್ತಾರೆ.

“ಅಲ್ಲೇ ನೋಡು, ಆ ಒಂದು ಸಾಲಿನ ಜಾಗಾದಾಗ ನಾವು ರಂಗದ ತುಂಬ ಮೂರು ಸುತ್ತು ಹಾಕತಿದ್ವಿ” ಎಂದರು ಆಯಿ.

ನಮ್ಮ ಭಾಗದವರಿಗೆ ನಾಟಕದ ವಿಷಯ ಹೊಸದಲ್ಲ. ಕನ್ನಡದ ಶೇಕ್ಸ್‌ಪಿಯರ್ ಎಂದು ಜನ ಕರೆದ ಕಂದಗಲ್ಲ ಹನುಮಂತರಾಯರ (1896–1966) ಊರು ಕಂದಗಲ್ಲ ಇಲ್ಲಿಗೆ ಹತ್ತಿರ. ವಿಜಯಪುರದ ರಂಗಮಂದಿರಕ್ಕೆ ಅವರ ಹೆಸರಿದೆ. ‘ರಕ್ತರಾತ್ರಿ’, ‘ಕುರುಕ್ಷೇತ್ರ’ಗಳ ಮಾತುಗಳನ್ನು ಬಾಯಿಪಾಠ ಹೇಳುವ ಹಿರಿಯರು ನಮ್ಮಲ್ಲಿ ಈಗಲೂ ಸಿಗುತ್ತಾರೆ. ‘ಬಾಣಸಿಗ ಭೀಮ’ ವಿರಾಟನ ಅರಮನೆಯ ಕಥೆ. ಅರ್ಜುನ ಬೃಹನ್ನಳೆಯಾಗಿ ಉತ್ತರೆಗೆ ಕುಣಿತ ಕಲಿಸಿದ್ದು ಅದೇ ಅರಮನೆಯಲ್ಲಿ. ಇಂಥ ಕಥೆಗಳಲ್ಲಿ ಕುಣಿತ ಊಟದ ಜೊತೆಯ ಉಪ್ಪಿನಕಾಯಿಯಲ್ಲ, ಅನ್ನದಲ್ಲೇ ಕಲೆತದ್ದು.

ಹಳೆಯ ನಾಟಕದ ಪುಸ್ತಕ ಕೈಗೆ ಸಿಕ್ಕರೆ ನೀವೇ ನೋಡಿ. ಹಾಡಿನ ಮೇಲೆ ರಾಗ, ತಾಳ ಇರುತ್ತದೆ, ಇಲ್ಲವೆ ಇಂಥ ಹಾಡಿನ ಧಾಟಿ ಎಂದಿರುತ್ತದೆ. ಎಷ್ಟೋ ಧಾಟಿಗಳು ಮರಾಠಿ ಸಂಗೀತ ನಾಟಕದಿಂದ, ಪಾರ್ಸಿ ಕಂಪನಿಗಳಿಂದ ಬಂದವು. ಆ ಮರಾಠಿ ಸಂಗೀತ ನಾಟಕಕ್ಕೆ 1880ರ ‘ಶಾಕುಂತಲ’ದಿಂದ ದಾರಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರೂ ಬೆಳಗಾವಿ ಸೀಮೆಯ ಗುರ್ಲಹೊಸೂರಿನವರೇ, ಆ ಮಾತು ಬೇರೆ. ಆದರೆ ಕುಣಿತದ ಜಾಗ ಬಂದಾಗ ಪುಸ್ತಕ ಮೂಕ. ಸಖಿಯರು ನರ್ತಿಸುವರು ಎಂದು ಕಂಸದಲ್ಲಿ ಬರೆದು ಮುಂದಿನ ಮಾತಿಗೆ ಹೋಗುತ್ತದೆ. ಆಯಿಯ ಪ್ರಕಾರ ಆ ಕಂಸದೊಳಗೆ ಒಮ್ಮೊಮ್ಮೆ ಹತ್ತು ನಿಮಿಷದ ಸಂಗೀತವಿತ್ತು. ಅದನ್ನು ಕಟ್ಟಿದವರು ನಾಟಕಕಾರರಲ್ಲ, ಪೇಟಿ ಮಾಸ್ತರ್, ತಬಲಾದವರು ಮತ್ತು ಕುಣಿಯುವ ಹೆಣ್ಣು. ಆಕೆಯ ಕಾಲಿನ ವೇಗ ನೋಡಿ ಮಾಸ್ತರರು ಸ್ವರ ಜೋಡಿಸುತ್ತಿದ್ದರು. “ಒನ್ಸ್ ಮೋರ್” ಬಂದರೆ ಇನ್ನೂ ಬೆಳೆಯುತ್ತಿತ್ತು.

ತಬಲಾದಲ್ಲಿ ಲಗ್ಗಿ ಎಂದು ಒಂದಿದೆ. ದಾದ್ರಾದಲ್ಲೋ ಕೆಹರವಾದಲ್ಲೋ ಹಾಡು ನಡೆದಿರುವಾಗ, ಪಲ್ಲವಿಗೆ ಮರಳಿದ ಕೂಡಲೇ ತಬಲಾ ಒಮ್ಮೆಲೇ ದುಪ್ಪಟ್ಟು ವೇಗಕ್ಕೆ ಏರುತ್ತದೆ. ಕೂತು ಕೇಳುವವರ ಮೊಣಕಾಲು ತಾನೇ ಅಲುಗುವುದು ಆಗಲೇ. ಗ್ರಾಮಫೋನು ಬಂದಾಗ ಮೊದಲ ಕತ್ತರಿ ಬಿದ್ದದ್ದು ಇದಕ್ಕೆ. ಆಗಿನ ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದು ಮೂರು ನಿಮಿಷದ ಮೇಲೆ ಸ್ವಲ್ಪ. ಪಲ್ಲವಿ, ಚರಣ, ಒಂದಿಷ್ಟು ತಾನು ತುಂಬುವಷ್ಟರಲ್ಲಿ ಜಾಗ ಮುಗಿಯುತ್ತಿತ್ತು. ಪ್ಲೇಟು ಕೇಳಿ ಕಲಿತವರು ಪ್ಲೇಟಿನಲ್ಲಿದ್ದಷ್ಟೇ ಹಾಡೆಂದುಕೊಂಡರು. ಅದರಿಂದ ಕ್ಯಾಸೆಟ್ಟು, ಕ್ಯಾಸೆಟ್ಟಿನಿಂದ ಜಮಖಾನೆ.

ಇದು ನಮ್ಮ ಬಡತನದ ಕಥೆ ಮಾತ್ರವಲ್ಲ. ಅಮೆರಿಕದಲ್ಲೂ ಹೀಗೇ ಆಗಿದೆ. ನ್ಯೂಯಾರ್ಕಿನ ಸಂಗೀತ ನಾಟಕಗಳಲ್ಲಿ ಹಾಡಿಗೆ ರಾಗ ಹಾಕಿದವರ ಹೆಸರು ದೊಡ್ಡದಾಗಿ ಬರುತ್ತದೆ, ಕುಣಿತದ ಸಂಗೀತ ಹೆಣೆದವರದು ಮೂಲೆಯಲ್ಲಿ. 1951ರ ‘ದ ಕಿಂಗ್ ಅಂಡ್ ಐ’ ನಾಟಕದ ದೊಡ್ಡ ನೃತ್ಯಕ್ಕೆ ಸಂಗೀತ ಹೆಣೆದಾಕೆ ಟ್ರೂಡ್ ರಿಟ್‌ಮನ್ ಎಂಬ ಹೆಣ್ಣುಮಗಳು. ಜರ್ಮನಿ ಬಿಟ್ಟು ಬಂದವರು. ಆ ನಾಟಕವೆಂದರೆ ಜನ ಹೇಳುವುದು ರಾಜರ್ಸ್ ಮತ್ತು ಹ್ಯಾಮರ್‌ಸ್ಟೈನ್ ಹೆಸರು. ಆದರೂ ಅಲ್ಲಿ ಕಾಗದವಿತ್ತು. 1982ರಲ್ಲಿ ನ್ಯೂಜೆರ್ಸಿಯ ಒಂದು ಗೋದಾಮಿನಲ್ಲಿ ಹಳೆಯ ಸಂಗೀತ ನಾಟಕಗಳ ಕೈಬರಹ ಪೆಟ್ಟಿಗೆಗಟ್ಟಲೆ ಸಿಕ್ಕಿತು. ನಮ್ಮಲ್ಲಿ ಯಾವ ಗೋದಾಮು ತೆರೆಯೋಣ? ಪೇಟಿ ಮಾಸ್ತರರ ಬೆರಳಿನಲ್ಲಿದ್ದದ್ದು ಅವರೊಂದಿಗೆ ಹೋಯಿತು. ಉಳಿದದ್ದು ಆಯಿಯಂಥವರ ಕಾಲಿನಲ್ಲಿ.

ಆ ಕಾಲಿನ ಬಗ್ಗೆ ನಾವು ಎಂಥ ಮಾತಾಡಿದ್ದೇವೆ ಎಂಬುದು ನಿಮಗೂ ಗೊತ್ತು. ಹಾಡುವವಳಾದರೆ ಕಲಾವಿದೆ, ಕುಣಿದಳೋ “ಕಂಪನ್ಯಾಕಿ”. ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿ 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಪರಿಚಿತರಾದರು. ಅಕ್ಕ ಗೋಹರಬಾಯಿ ಬಾಲಗಂಧರ್ವರ ರಂಗದಲ್ಲಿ ಮೆರೆದವರು. ಇಬ್ಬರ ದನಿಯನ್ನೂ ನಾವು ಹೆಮ್ಮೆಯಿಂದ ನಮ್ಮದೆನ್ನುತ್ತೇವೆ. ದನಿಗೆ ಮೈ ಇಲ್ಲ, ಹಾಗಾಗಿ ಅದನ್ನು ಮನೆಯೊಳಗೆ ಬಿಟ್ಟುಕೊಳ್ಳುವುದು ಸುಲಭ. ಆರ್. ನಾಗರತ್ನಮ್ಮ 1958ರಲ್ಲಿ ಬರೀ ಹೆಂಗಸರದೇ ಮಂಡಳಿ ಕಟ್ಟಿ ಕಂಸ, ರಾವಣರ ಪಾತ್ರಗಳನ್ನೇ ಮಾಡಿದರು. ಅವರಿಗೆ ಪದ್ಮಶ್ರೀ ಬಂದದ್ದು 2012ರಲ್ಲಿ, ತೀರಿಕೊಂಡದ್ದೂ ಅದೇ ವರ್ಷ.

ರಂಗಗೀತೆಗೆ ಈಗ ಮರ್ಯಾದೆ ಬಂದಿದೆ, ಸಂತೋಷ. ಆದರೆ ಆ ಮರ್ಯಾದೆ ಕುಣಿತವನ್ನು ತೊಳೆದು ಹಾಕಿ ಬಂದದ್ದು ಎಂದು ನನ್ನ ದೂರು. ನಮ್ಮ ಸೀರೆಯ ಮೈಗೂ ಸೆರಗಿಗೂ ಎಳೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರಲ್ಲ, ಆ ಕೊಂಡಿ ಬಿಚ್ಚಿ ಸೆರಗು ಇಲ್ಲದ ಸೀರೆ ಉಡಿಸಿದಂತಾಗಿದೆ.

ಹಾಗೆಂದು ಕುಣಿತ ಎಲ್ಲೂ ಇಲ್ಲವೆಂದಲ್ಲ. ಶ್ರೀಕೃಷ್ಣ ಪಾರಿಜಾತದ ಸತ್ಯಭಾಮೆ ಹೆಜ್ಜೆ ಹಾಕುತ್ತಲೇ ಹಾಡುತ್ತಾಳೆ. ಹಳ್ಳಿಯವರು ಅದನ್ನು ಬಿಡಿಸಲು ಹೋಗಲಿಲ್ಲ. ಇನ್ನೊಂದು ಕಡೆ, ಬಾದಾಮಿಯ ಬನಶಂಕರಿ ಜಾತ್ರೆ. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ದಿನಗಟ್ಟಲೆ ಅಲ್ಲಿ ನಾಟಕ ಕಂಪನಿಗಳ ಥೇಟರುಗಳು ಸಾಲಾಗಿ ನಿಂತಿರುತ್ತವೆ. ಹೋದ ಸಲ ಒಂದರಲ್ಲಿ ಕೂತೆ. ನಗೆಮಾತಿನ ನಡುವೆ ಸಿನಿಮಾ ಹಾಡಿನ ರೆಕಾರ್ಡು ಹಾಕಿದರು, ಇಬ್ಬರು ಹುಡುಗಿಯರು ಕುಣಿದರು, ಸಿಳ್ಳೆ ಬಿತ್ತು. ನನಗೆ ಆ ಹುಡುಗಿಯರ ಮೇಲೆ ಸಿಟ್ಟಿಲ್ಲ. ಪೇಟಿ ಮಾಸ್ತರರಿಗೆ ಕೊಡಲು ಹಣವಿಲ್ಲದ ಕಂಪನಿ ಇನ್ನೇನು ಮಾಡೀತು? ಆದರೆ ಆ ರೆಕಾರ್ಡು ಹುಡುಗಿಯ ಕಾಲು ನೋಡುವುದಿಲ್ಲ. ಆಕೆ ಎಡವಿದರೂ ಅದು ಓಡುತ್ತದೆ.

ಆಮೇಲೆ ಒಂದು ಮಧ್ಯಾಹ್ನ ಆಯಿಯ ಮನೆಗೆ ಹೋದೆ. ಸೊಸೆ ಸಂತೆಗೆ ಹೋಗಿದ್ದರು. ಆಯಿ ರಾಟಿಯ ಮುಂದೆ ಕೂತು ಕಂಡಕಿ ಸುತ್ತುತ್ತಿದ್ದರು. ಫೋನು ಪಕ್ಕದಲ್ಲಿಟ್ಟು, “ಆಯೀ, ಸಖಿಯರು ಕುಣೀತಿದ್ರಲ್ರೀ, ಅದು ಹ್ಯಾಂಗಿತ್ತು?” ಎಂದೆ. ಸುಮ್ಮನಿದ್ದರು. ಆಮೇಲೆ ಬಾಯಲ್ಲಿ ಪೇಟಿಯ ಸ್ವರ ಬಂತು. ಎಡಗೈ ನೆಲದ ಮೇಲೆ ತಬಲಾ ಆಯಿತು. ಹಾಡಿನ ಮಾತು ಅವರಿಗೆ ಅರ್ಧಕ್ಕರ್ಧ ಮರೆತಿತ್ತು, ಆದರೆ ನಡುವಿನ ಕುಣಿತದ ಸ್ವರ ಒಂದೂ ತಪ್ಪಲಿಲ್ಲ. ಮೂರು ತುಂಡು, ಒಂದಕ್ಕಿಂತ ಒಂದು ಚುರುಕು, ಕೊನೆಗೆ ಲಗ್ಗಿ. ಮಡಚಿ ಕೂತ ಕಾಲಿನ ಹೆಬ್ಬೆರಳು ಸೀರೆಯ ಅಂಚಿನ ಕೆಳಗೆ ಅಲುಗುತ್ತಿತ್ತು.

ಹನ್ನೊಂದು ನಿಮಿಷವಾಗಿದೆ. ಹೊರಗೆ ಗೇಟಿನ ಸದ್ದಾದಾಗ ನಿಲ್ಲಿಸಿದರು.

“ಇನ್ನೂ ಎರಡು ಅದಾವು. ಅಮಾಸಿ ದಿನಾ ಬಾ, ಆವತ್ತು ಮನ್ಯಾಗ ಯಾರೂ ಇರಂಗಿಲ್ಲ” ಎಂದು ಮೆಲ್ಲಗೆ ಹೇಳಿ, ಸೊಸೆಗೆ ಕೇಳುವಂತೆ ದೊಡ್ಡ ದನಿಯಲ್ಲಿ, “ಕುಂಡ್ರವಾ, ಚಾ ಕುಡದು ಹೋಗು” ಎಂದರು.