'ಸುಧಾರಿಸ್ಕೊಂಡು ಹೋಗು' ಅನ್ನುವುದಲ್ಲ ಇದು

ಹೊಳೆನರಸೀಪುರದ ಕಡೆ ಸಂಕಟ ಹೇಳಿಕೊಂಡ ಹೆಂಗಸಿಗೆ ಸಿಗುವ ಮೊದಲ ಮಾತು, 'ಸುಧಾರಿಸ್ಕೊಂಡು ಹೋಗವ್ವ.' ಆಪ್ತಸಮಾಲೋಚಕರು ಈಗ ಹೇಳಿಕೊಡುವ 'ಮೈಂಡ್‌ಫುಲ್‌ನೆಸ್' ಕೂಡ ನಮ್ಮವರ ಕಿವಿಗೆ ಅದೇ ಮಾತಾಗಿ ಬೀಳುತ್ತದೆ. ಈ ಚಿಕಿತ್ಸೆಯನ್ನು ಮನಸಾರೆ ಮೆಚ್ಚುವ ನನ್ನ ದೊಡ್ಡ ತಕರಾರು ಇದೇ.

ಮೈಂಡ್‌ಫುಲ್‌ನೆಸ್ ಹೇಳಿಕೊಡುವುದು ಸಹನೆಯನ್ನಲ್ಲ, ಗಮನವನ್ನು. ಬೌದ್ಧ ಧ್ಯಾನದ ಈ ಕ್ರಮವನ್ನು ಜಾನ್ ಕಬಟ್-ಜಿನ್ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ, ಬಿಡದೆ ಕಾಡುವ ನೋವಿನ ರೋಗಿಗಳಿಗಾಗಿ ಬಳಸತೊಡಗಿದರು. ಖಿನ್ನತೆ ಮರುಕಳಿಸದಂತೆ ಎಂಟು ವಾರಗಳ ಚಿಕಿತ್ಸೆಯೊಂದನ್ನು ಸೀಗಲ್, ವಿಲಿಯಮ್ಸ್, ಟೀಸ್‌ಡೇಲ್ ರೂಪಿಸಿ 2002ರಲ್ಲಿ ಪುಸ್ತಕವಾಗಿ ತಂದರು. 'ನಾನು ಕೈಲಾಗದವಳು' ಅನ್ನಿಸಿದಾಗ ಅದೊಂದು ಬಂದುಹೋಗುವ ಯೋಚನೆ, ತೀರ್ಪಲ್ಲ ಎಂದು ಗುರುತಿಸುವುದೇ ಅದರ ತಿರುಳು. ಪದೇ ಪದೇ ಖಿನ್ನತೆಗೆ ಬೀಳುವವರಿಗೆ ಇದು ನೆರವಾಗುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿದೆ.

ಆದರೆ ದಿನಕ್ಕೆ ಮುಕ್ಕಾಲು ಗಂಟೆ ಮನೆಯಲ್ಲಿ ಅಭ್ಯಾಸ! ಐದಕ್ಕೆದ್ದು ಸಗಣಿ ಬಾಚಿ, ಹಾಲು ಕರೆದು, ಡೈರಿಗೆ ಓಡುವವರು ಅದನ್ನು ಎಲ್ಲಿಂದ ತರಬೇಕು? ಅರಕಲಗೂಡಿನ ನಮ್ಮ ಚಿಕ್ಕಮ್ಮನನ್ನು ಮೊದಲ ದಿನವೇ ಕಣ್ಣು ಮುಚ್ಚಿ ಕೂರಿಸಿದರು. ಕತ್ತಲಲ್ಲಿ ಕಂಡದ್ದು ತೀರಿಹೋದ ಮಗನ ಮುಖ. ಎದೆ ಡವಗುಟ್ಟಿ ಎದ್ದು ಬಂದವರು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ವರ್ಷದ ಮೇಲೆ ಇನ್ನೊಬ್ಬ ಸಮಾಲೋಚಕಿ ಸಿಕ್ಕರು. 'ಕಣ್ಣು ತೆರೆದೇ ಇರಿ ಅಮ್ಮ. ಡೈರಿ ಸಾಲಲ್ಲಿ ನಿಂತಾಗ ಕ್ಯಾನಿನ ಹಿಡಿ ಎಷ್ಟು ತಣ್ಣಗಿದೆ ನೋಡಿ, ನಾಲ್ಕು ಉಸಿರು ಗಮನಿಸಿ.' ಅಷ್ಟೇ. ಇಂಥ ಮೂರು ನಿಮಿಷದ ಅಭ್ಯಾಸ ಆ ಎಂಟು ವಾರಗಳ ಚಿಕಿತ್ಸೆಯಲ್ಲೇ ಇದೆ. ನಮ್ಮ ಹಳ್ಳಿಗಳಲ್ಲಿ ಅಲ್ಲಿಂದಲೇ ಶುರುಮಾಡಬೇಕು.

ಗಮನದ ಜೊತೆಗೇ ಕಲಿಸುವ ಇನ್ನೊಂದು, ತನ್ನ ಮೇಲೆ ತನಗಿರಬೇಕಾದ ಕರುಣೆ. ಮನೋವಿಜ್ಞಾನಿ ಕ್ರಿಸ್ಟಿನ್ ನೆಫ್ 2003ರಲ್ಲಿ ಇದನ್ನು ಮೂರು ಎಳೆಗಳಲ್ಲಿ ವಿವರಿಸಿದರು: ತನ್ನೊಡನೆ ಮೃದುವಾಗಿರುವುದು, ನೋವು ಎಲ್ಲರಿಗೂ ಇದ್ದದ್ದೇ ಎಂಬ ಅರಿವು, ಎಚ್ಚರದ ಗಮನ. ಇದನ್ನು 'ಸ್ವಾನುಕಂಪ' ಎಂದರೆ ಕೆಲಸ ಕೆಟ್ಟಿತು. ಆ ಪದಕ್ಕೆ ನಮ್ಮಲ್ಲಿ ತನಗೆ ತಾನೇ ಮರುಗುತ್ತ ಕೂರುವ ವಾಸನೆಯಿದೆ. 'ನನ್ನ ನಾನೇ ಮುದ್ದು ಮಾಡ್ಕೊಳಕ್ಕೆ ನಾನೇನು ಮಗೂನಾ?' ಎಂದರು ಚಿಕ್ಕಮ್ಮ. ಸಮಾಲೋಚಕಿ ದಾರಿ ಬದಲಿಸಿದರು: 'ನಿಮ್ಮ ತಂಗಿ ಇದೇ ಸಂಕಟದಲ್ಲಿ ಬಂದು ನಿಂತಿದ್ರೆ?' ಉತ್ತರ ತಡವಾಗಲಿಲ್ಲ. 'ನಿಂದೇನು ತಪ್ಪೈತೆ, ಬಾ, ಒಂದು ತುತ್ತು ಉಣ್ಣು ಅಂತಿದ್ದೆ.' ಹೇಳಿ ಮುಗಿಸುವಷ್ಟರಲ್ಲಿ ಅತ್ತುಬಿಟ್ಟರಂತೆ. ಮಗ ಹೋದ ಮೇಲೆ ಆ ಮಾತನ್ನು ಅವರಿಗೆ ಯಾರೂ ಹೇಳಿರಲಿಲ್ಲ, ಅವರೂ ಹೇಳಿಕೊಂಡಿರಲಿಲ್ಲ.

ನೆಫ್ ಹೇಳುವ ಎರಡನೆಯ ಎಳೆಯೇ ನಮಗೆ ಹತ್ತಿರದ್ದು. ಜಲಂಧರದ ಬಿತ್ತನೆ ಆಲೂಗಡ್ಡೆಗೆ ಸಾಲ ಮಾಡಿ, ಅಂಗಮಾರಿಗೆ ಬೆಳೆ ಕಳೆದುಕೊಂಡ ಹಾಸನದ ರೈತ ತನ್ನನ್ನೇ ಶಪಿಸಿಕೊಳ್ಳುತ್ತಾನೆ. ಅದೇ ರೋಗ ಪಕ್ಕದ ಹೊಲವನ್ನೂ ಸುಟ್ಟಿದೆ ಎಂಬುದು ಅವನ ನಾಚಿಕೆಯನ್ನು ಇಳಿಸಬಲ್ಲದು. ಸಾಲವನ್ನಲ್ಲ. ಸಾಲ ಬಂದುಹೋಗುವ ಯೋಚನೆಯಲ್ಲ. ಅದನ್ನು ಕೇಳಿಸಿಕೊಳ್ಳದೆ ಉಸಿರು ಗಮನಿಸು ಎನ್ನುವ ಚಿಕಿತ್ಸೆ 'ಸುಧಾರಿಸ್ಕೋ' ಎಂಬುದರ ಇಂಗ್ಲಿಷ್ ರೂಪವೇ ಸರಿ.

ತರಬೇತಾದವರ ಕೈಯಲ್ಲಿ ಇದು ಒಳ್ಳೆಯ ಚಿಕಿತ್ಸೆ. ತೀವ್ರ ಖಿನ್ನತೆಯಿದ್ದರೆ ವೈದ್ಯರನ್ನು ಕಾಣಲೇಬೇಕು, ಧ್ಯಾನವನ್ನೇ ನಂಬಿ ಮಾತ್ರೆ ನಿಲ್ಲಿಸಬೇಡಿ. ಮನೆಯಲ್ಲಿ ಯಾರಾದರೂ ಕುಗ್ಗಿದ್ದರೆ ಟೆಲಿ ಮಾನಸ್ ಸಹಾಯವಾಣಿಯ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವಾಗಲಾದರೂ ಸರಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.