ಕಿಂಕ್ಸ್: ಹೋದವರ ಹಾಡು, ಉಳಿದವರ ಹಾಡು

ಬ್ರಿಟಿಷ್ ರಾಕ್ ಎಂದರೆ ನಮ್ಮಲ್ಲಿ ಮೊದಲು ನೆನಪಾಗುವುದು ಬೀಟಲ್ಸ್. ಆಮೇಲೆ ರೋಲಿಂಗ್ ಸ್ಟೋನ್ಸ್, ಪಿಂಕ್ ಫ್ಲಾಯ್ಡ್, ಲೆಡ್ ಝೆಪ್ಪೆಲಿನ್. ಕಿಂಕ್ಸ್ ಹೆಸರು ಬರುವುದು ತೀರ ಕೊನೆಗೆ. ಬಂದಾಗಲೂ ‘ಯೂ ರಿಯಲಿ ಗಾಟ್ ಮಿ’ ಹಾಡಿನ ಗಿಟಾರ್ ಅಬ್ಬರದ ಬಗ್ಗೆ ಎರಡು ಮಾತಾಡಿ ಮುಂದೆ ಹೋಗಿಬಿಡುತ್ತೇವೆ. ಆದರೆ ಅರವತ್ತರ ದಶಕದ ಇಂಗ್ಲೆಂಡ್ ಕೊಟ್ಟ ಹಾಡುಗಳಲ್ಲಿ ಇಂದಿಗೂ ಬಾಡದ ಹತ್ತನ್ನು ಆರಿಸಿ ಎಂದರೆ, ಮೂರನ್ನಾದರೂ ನಾನು ಕಿಂಕ್ಸ್‌ನಿಂದಲೇ ತೆಗೆಯುತ್ತೇನೆ. ಆ ಮೂರರಲ್ಲಿ ಅಬ್ಬರದ ಹಾಡು ಒಂದೂ ಇರುವುದಿಲ್ಲ. ಈ ತಂಡದ ಶ್ರೇಷ್ಠ ಹಾಡುಗಳ ಬೇರು ಒಂದು ತುಂಬಿದ ಸಂಸಾರ ಚದುರಿಹೋದ ಕಥೆಯಲ್ಲಿದೆ. ಮನೆ ಬಿಟ್ಟು ಹೋದವರನ್ನೂ ಹೋಗಲಾರದೆ ಉಳಿದವರನ್ನೂ ಒಂದೇ ಕಣ್ಣಿನಿಂದ ನೋಡುವ ಹಾಡುಗಳು ಅವು.

ಉತ್ತರ ಲಂಡನ್ನಿನ ಮಸ್ವೆಲ್ ಹಿಲ್ ಬಡಾವಣೆಯ ಡೆನ್ಮಾರ್ಕ್ ಟೆರೇಸ್‌ನಲ್ಲಿ ಡೇವಿಸ್ ಕುಟುಂಬದ ಪುಟ್ಟ ಮನೆ. ಎಂಟು ಮಕ್ಕಳಲ್ಲಿ ಮೊದಲ ಆರೂ ಹೆಣ್ಣು. ಕೊನೆಯವರಿಬ್ಬರು 1944ರಲ್ಲಿ ಹುಟ್ಟಿದ ರೇ, 1947ರಲ್ಲಿ ಹುಟ್ಟಿದ ಡೇವ್. ಕಿಂಕ್ಸ್ ಈ ಅಣ್ಣತಮ್ಮಂದಿರ ತಂಡ; ಹಾಡುಗಳನ್ನು ಹೆಚ್ಚಾಗಿ ಬರೆದು ಹಾಡಿದವರು ರೇ, ಗಿಟಾರ್ ಡೇವ್‌ನದು. ಶನಿವಾರ ರಾತ್ರಿಯಾದರೆ ನೆಂಟರಿಷ್ಟರೆಲ್ಲ ಮುಂಗೋಣೆಯ ಪಿಯಾನೋ ಸುತ್ತ ಸೇರಿ ಹಾಡುವುದು ಆ ಮನೆಯ ರೂಢಿ. ಕೆನಡಾಕ್ಕೆ ಹೋಗಿ ಮರಳಿದ್ದ ಅಕ್ಕ ರೆನೆ, 1957ರ ಜೂನ್‌ನಲ್ಲಿ, ರೇಯ ಹದಿಮೂರನೆಯ ಹುಟ್ಟುಹಬ್ಬಕ್ಕೆ ಗಿಟಾರ್ ಕೊಡಿಸಿದಳು. ಅವಳ ಹೃದಯ ದುರ್ಬಲವಾಗಿತ್ತು. ಗಿಟಾರ್ ಕೊಟ್ಟ ರಾತ್ರಿಯೇ ಲೈಸಿಯಂ ಬಾಲ್‌ರೂಮಿನಲ್ಲಿ ಕುಣಿಯುತ್ತಿದ್ದಾಗ ಕುಸಿದು ತೀರಿಕೊಂಡಳು. ಇನ್ನೊಬ್ಬ ಅಕ್ಕ ರೋಸಿ ಗಂಡ ಆರ್ಥರ್‌ನೊಂದಿಗೆ ಆಸ್ಟ್ರೇಲಿಯಾಕ್ಕೆ ವಲಸೆ ಹೋದಳು. ಮುಂದಿನ ಹಾಡುಗಳಲ್ಲಿ ಈ ಇಬ್ಬರು ಅಕ್ಕಂದಿರು ಮತ್ತೆ ಮತ್ತೆ ಬರುತ್ತಾರೆ, ಕೆಲವೊಮ್ಮೆ ಹೆಸರಿನೊಂದಿಗೆ, ಬಹಳ ಸಲ ಹೆಸರಿಲ್ಲದೆ.

‘ಯೂ ರಿಯಲಿ ಗಾಟ್ ಮಿ’ (1964) ಬಗ್ಗೆ ಹೇಳಬೇಕಾದದ್ದು ಸ್ವಲ್ಪವೇ. ಮೊದಲ ಎರಡು ರೆಕಾರ್ಡುಗಳು ಸೋತಿದ್ದವು, ಮೂರನೆಯದು ತಂಡದ ಅಳಿವು ಉಳಿವಿನ ಪ್ರಶ್ನೆಯಾಗಿತ್ತು. ಹದಿನೇಳರ ಡೇವ್ ತನ್ನ ಅಗ್ಗದ ಹಸಿರು ಆಂಪ್ಲಿಫೈಯರಿನ ಸ್ಪೀಕರ್ ಪದರವನ್ನು ಬ್ಲೇಡಿನಿಂದ ಸೀಳಿಟ್ಟಿದ್ದ. ಆ ಸೀಳಿನಿಂದ ಹೊರಟ ಒಡಕು, ಕೆರಳಿದ ನಾದ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಏರಿತು, ಮುಂದೆ ಹಾರ್ಡ್ ರಾಕ್ ಎಂಬ ಇಡೀ ಪಂಥಕ್ಕೆ ಬಾಗಿಲು ತೆರೆಯಿತು. ಚರಿತ್ರೆಯಲ್ಲಿ ಇದರ ಸ್ಥಾನ ಗಟ್ಟಿ. ಆದರೆ ಮೂರು ಸಲ ಕೇಳಿದ ಮೇಲೆ ಇದರಲ್ಲಿ ಹೊಸದಾಗಿ ಸಿಗುವುದು ಏನೂ ಇಲ್ಲ.

ಮರುವರ್ಷದ ‘ಸೀ ಮೈ ಫ್ರೆಂಡ್ಸ್’ ಹಾಗಲ್ಲ. 1965ರ ಆರಂಭದಲ್ಲಿ ಆಸ್ಟ್ರೇಲಿಯಾ ಪ್ರವಾಸಕ್ಕೆ ಹೊರಟ ತಂಡ ದಾರಿಯಲ್ಲಿ ಮುಂಬೈಯಲ್ಲಿ ತಂಗಿತು. ನಸುಕಿನಲ್ಲಿ ಬಲೆ ಹೊತ್ತು ಕೆಲಸಕ್ಕೆ ಹೊರಟ ಮೀನುಗಾರರ ಹಾಡು ರೇ ಡೇವಿಸ್ ಕಿವಿಗೆ ಬಿತ್ತು. ಆ ಜುಲೈನಲ್ಲಿ ಹೊರಬಂದ ಹಾಡಿನಲ್ಲಿ ಸಿತಾರ್ ಇಲ್ಲ. ಗಿಟಾರಿನ ತಂತಿಯೇ ತಂಬೂರಿಯಂತೆ ಒಂದೇ ಶ್ರುತಿ ಹಿಡಿದು ನಿಲ್ಲುತ್ತದೆ. ಅದರ ಮೇಲೆ ರೇಯ ದನಿ ಮೂಗಿನಲ್ಲಿ ಎಳೆದೆಳೆದು ಸಾಗುತ್ತದೆ. ಬೀಟಲ್ಸ್ ಹಾಡಿನಲ್ಲಿ ಸಿತಾರ್ ಕೇಳಿಸಿದ್ದು ಆ ವರ್ಷದ ಡಿಸೆಂಬರಿನಲ್ಲಿ. ಯಾರು ಮೊದಲು ಎಂಬ ಲೆಕ್ಕಕ್ಕಿಂತ ನನಗೆ ಮುಖ್ಯವಾಗುವುದು ಭಾರತದ ಈ ನಾದಕ್ಕೆ ಇಲ್ಲಿರುವ ಕೆಲಸ. ನದಿಯಾಚೆಗೆ ಗೆಳೆಯರು, ಈಚೆ ದಡದಲ್ಲಿ ಒಂಟಿಯಾದವನು. ಅಕ್ಕ ರೆನೆಯ ಸಾವು ಈ ಹಾಡಿನ ಹಿಂದಿದೆ ಎಂದು ರೇ ಹೇಳಿದ್ದಾರೆ. ಪೂರ್ವದ ಸಂಗೀತವನ್ನು ಬಣ್ಣಕ್ಕಾಗಿ ಬಳಿದುಕೊಂಡ ಹಾಡುಗಳು ಆಮೇಲೆ ಬೇಕಾದಷ್ಟು ಬಂದವು. ಇಲ್ಲಿ ನಿಂತ ಶ್ರುತಿಯೇ ದುಃಖದ ರೂಪ. ಅದನ್ನು ತೆಗೆದರೆ ಹಾಡೇ ಉಳಿಯುವುದಿಲ್ಲ.

ಅದೇ ವರ್ಷದ ಅಮೆರಿಕ ಪ್ರವಾಸ ಜಗಳಗಳಲ್ಲಿ ಮುಗಿಯಿತು. ಅಲ್ಲಿನ ಸಂಗೀತಗಾರರ ಒಕ್ಕೂಟ 1969ರವರೆಗೆ ತಂಡಕ್ಕೆ ಪರವಾನಗಿ ಕೊಡಲಿಲ್ಲ. ಹಣದ ದೃಷ್ಟಿಯಿಂದ ಅದು ದೊಡ್ಡ ಪೆಟ್ಟು. ಕಲೆಗೆ ಅದರಿಂದ ಒಳಿತೇ ಆಯಿತು. ಓರಗೆಯ ತಂಡಗಳೆಲ್ಲ ಅಮೆರಿಕದತ್ತ ಮುಖ ಮಾಡಿದ್ದಾಗ ರೇ ತಮ್ಮ ಬೀದಿಯನ್ನು ನೋಡತೊಡಗಿದರು. ಮೊದಮೊದಲು ಆ ನೋಟದಲ್ಲಿ ಗೇಲಿ ಜಾಸ್ತಿ. ‘ಎ ವೆಲ್ ರೆಸ್ಪೆಕ್ಟೆಡ್ ಮ್ಯಾನ್’ ಆಫೀಸಿಗೆ ಹೋಗುವ ಮರ್ಯಾದಸ್ಥನನ್ನು ಚುಚ್ಚುತ್ತದೆ, ‘ಡೆಡಿಕೇಟೆಡ್ ಫಾಲೋವರ್ ಆಫ್ ಫ್ಯಾಶನ್’ ಷೋಕಿಲಾಲನನ್ನು. ಎರಡೂ ಚುರುಕಾಗಿವೆ, ಎರಡೂ ಹಳತಾಗಿವೆ. ಇಲ್ಲಿ ಹಾಡುಗಾರ ತಾನು ಚುಚ್ಚುವವನಿಗಿಂತ ಎತ್ತರದಲ್ಲಿ ನಿಂತಿದ್ದಾನೆ, ಆ ಎತ್ತರ ಅವನು ಗಳಿಸಿದ್ದಲ್ಲ. 1966ರ ‘ಸನ್ನಿ ಆಫ್ಟರ್‌ನೂನ್’ನಲ್ಲಿ ತೆರಿಗೆಗೆ ಆಸ್ತಿ ಕಳೆದುಕೊಂಡ ಸಿರಿವಂತನ ಬಾಯಿಂದಲೇ ಹಾಡಿಸಿದಾಗ ಗೇಲಿ ಪಾತ್ರವಾಗಿ ಮಾಗಿತು. ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುವ ಬೇಸ್ ಅವನ ಪತನವನ್ನು ಮಾತಿಲ್ಲದೆ ಹೇಳುತ್ತದೆ. ಅದೇ ವರ್ಷದ ಕೊನೆಯ ‘ಡೆಡ್ ಎಂಡ್ ಸ್ಟ್ರೀಟ್’ನಲ್ಲಿ ಬಿರುಕು ಬಿಟ್ಟ ಸೂರು, ಸೋರುವ ಸಿಂಕ್, ಬಾಗಿಲು ಬಡಿಯುವ ಬಾಡಿಗೆ ವಸೂಲಿಗಾರ ಎಲ್ಲವೂ ಇವೆ. ಸ್ವಿಂಗಿಂಗ್ ಲಂಡನ್ ಎಂದು ಜಗತ್ತೆಲ್ಲ ಕೊಂಡಾಡುತ್ತಿದ್ದ ಊರಿನ ಹಿತ್ತಲನ್ನು ಇಷ್ಟು ನೇರವಾಗಿ ತೋರಿಸಿದ ಪಾಪ್ ಹಾಡು ಆ ವರ್ಷ ಇನ್ನೊಂದಿಲ್ಲ.

1967ರ ಮೇ ತಿಂಗಳ ‘ವಾಟರ್‌ಲೂ ಸನ್‌ಸೆಟ್’ ಬಗ್ಗೆ ಬಂದಿರುವ ಹೊಗಳಿಕೆಗೆ ಲೆಕ್ಕವಿಲ್ಲ. ಅದಕ್ಕೆ ಅದು ಪೂರ್ತಿ ಅರ್ಹ. ಒಬ್ಬ ಮನುಷ್ಯ ಕಿಟಕಿಯಿಂದ ಥೇಮ್ಸ್ ನದಿ, ಸೇತುವೆ, ರೈಲು ನಿಲ್ದಾಣದ ಜನಸಂದಣಿ ನೋಡುತ್ತಿದ್ದಾನೆ. ಟೆರಿ ಮತ್ತು ಜೂಲಿ ಎಂಬ ಜೋಡಿ ಶುಕ್ರವಾರ ಸಂಜೆ ಅಲ್ಲಿ ಸೇರುತ್ತದೆ, ನದಿ ದಾಟುತ್ತದೆ. ಇವನು ಹೊರಗೆ ಹೋಗುವುದಿಲ್ಲ. ಇಷ್ಟೇ ಕಥೆ. ರೇ ಬಾಲ್ಯದಲ್ಲಿ ಕಾಯಿಲೆಯಿಂದ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿದ್ದಾಗ ನರ್ಸುಗಳು ನದಿ ಕಾಣುವಂತೆ ಬಾಲ್ಕನಿಗೆ ಕರೆತರುತ್ತಿದ್ದರಂತೆ. ನೋಡುವ ಆ ಕಣ್ಣು ರೋಗಿ ಹುಡುಗನದೇ. ಹಾಡಿನ ಬೆರಗು ಇರುವುದು ಒಂಟಿತನವನ್ನು ಅದು ನಡೆಸಿಕೊಳ್ಳುವ ರೀತಿಯಲ್ಲಿ. ಒಂಟಿ ಮನುಷ್ಯನನ್ನು ಕಂಡರೆ ಪಾಪ್ ಹಾಡು ಒಂದೋ ಅವನಿಗೆ ಪ್ರೇಮ ದೊರಕಿಸಿಕೊಡುತ್ತದೆ, ಇಲ್ಲವೇ ಕಣ್ಣೀರು ಹಾಕಿಸುತ್ತದೆ. ಇವನಿಗೆ ಎರಡೂ ಬೇಡ. ಬೇರೆಯವರ ಸುಖ ಕಂಡು ಅವನು ಕರುಬುವುದಿಲ್ಲ, ತನಗಾಗಿ ಮರುಗುವುದೂ ಇಲ್ಲ. ಡೇವ್ ಗಿಟಾರಿನ ಚಿಕ್ಕ ಮರುದನಿ, ಹಿಂದೆ ತೇಲುವ ಹೆಣ್ಣುದನಿ (ರೇಯ ಆಗಿನ ಪತ್ನಿ ರಾಸಾ ಅವರದು) ಅವನ ಸಮಾಧಾನಕ್ಕೆ ಸಾಕ್ಷಿಯಾಗುತ್ತವೆ. ಮೂರು ಚಿಲ್ಲರೆ ನಿಮಿಷಗಳಲ್ಲಿ ಇಷ್ಟನ್ನು ಸಾಧಿಸಿದ ಹಾಡು ಬ್ರಿಟಿಷ್ ರಾಕ್‌ನಲ್ಲಿ ನನಗೆ ಗೊತ್ತಿರುವಂತೆ ಬೇರೆ ಇಲ್ಲ. ಬ್ರಿಟನ್ನಿನಲ್ಲಿ ಅದು ಎರಡನೆಯ ಸ್ಥಾನದಲ್ಲೇ ನಿಂತಿತು.

‘ದ ಕಿಂಕ್ಸ್ ಆರ್ ದ ವಿಲೇಜ್ ಗ್ರೀನ್ ಪ್ರಿಸರ್ವೇಶನ್ ಸೊಸೈಟಿ’ 1968ರ ನವೆಂಬರ್ 22ರಂದು, ಬೀಟಲ್ಸ್‌ನ ‘ವೈಟ್ ಆಲ್ಬಂ’ ಬಂದ ದಿನವೇ, ಬಂದು ಯಾರ ಗಮನಕ್ಕೂ ಬೀಳದೆ ಹೋಯಿತು. ಇಂದು ಅದನ್ನು ಆರಾಧಿಸುವವರಿದ್ದಾರೆ. ಹಳೆಯ ಇಂಗ್ಲೆಂಡಿಗಾಗಿ ಹಂಬಲಿಸುವ ಪ್ರತಿಗಾಮಿ ಕೃತಿ ಎನ್ನುವವರೂ ಇದ್ದಾರೆ. ಎರಡನೆಯವರು ‘ಡೂ ಯೂ ರಿಮೆಂಬರ್ ವಾಲ್ಟರ್’ ಹಾಡನ್ನು ಕೇಳಿಸಿಕೊಂಡಿಲ್ಲ ಎಂದೇ ನನ್ನ ಭಾವನೆ. ಬಾಲ್ಯದ ಗೆಳೆಯ ಇಂದು ಎದುರು ಬಂದರೆ ಮಾತಾಡಲು ಏನೂ ಇರುವುದಿಲ್ಲ ಎಂದು ಆ ಹಾಡಿಗೆ ಚೆನ್ನಾಗಿ ಗೊತ್ತು. ಫೋಟೋಗಳ ಬಗ್ಗೆಯೇ ಎರಡು ಹಾಡುಗಳಿರುವ ಈ ಆಲ್ಬಂ ನೆನಪನ್ನು ಪ್ರೀತಿಸುತ್ತದೆ, ನಂಬುವುದಿಲ್ಲ. ‘ಫಿನಾಮಿನಲ್ ಕ್ಯಾಟ್’ನಂಥ ಜೊಳ್ಳು ಹಾಡುಗಳೂ ಇದರಲ್ಲಿವೆ, ಒಪ್ಪಬೇಕು. ಆ ವರ್ಷದ ಪರಿಪೂರ್ಣ ಹಾಡು ಈ ಆಲ್ಬಮ್ಮಿನ ಬ್ರಿಟಿಷ್ ಆವೃತ್ತಿಗೆ ಸೇರದೆ ಬಿಡಿಯಾಗಿ ಬಂದ ‘ಡೇಸ್’. ಬಿಟ್ಟು ಹೋದವಳಿಗೆ ಬರೀ ಕೃತಜ್ಞತೆ ಹೇಳುವ ಹಾಡು ಅದು.

ನನ್ನ ಆಯ್ಕೆಯಲ್ಲಿ ಎಲ್ಲಕ್ಕಿಂತ ಮೇಲಿರುವುದು 1969ರ ‘ಆರ್ಥರ್’ ಆಲ್ಬಮ್ಮಿನ ‘ಶಾಂಗ್ರಿ-ಲಾ’. ಆಸ್ಟ್ರೇಲಿಯಾಕ್ಕೆ ಹೋದ ಆ ಭಾವನ ನೆನಪಿನಲ್ಲಿ ಹುಟ್ಟಿದ ಆಲ್ಬಂ ಇದು. ಗ್ರನಾಡಾ ಟೆಲಿವಿಷನ್ನಿಗಾಗಿ ಲೇಖಕ ಜೂಲಿಯನ್ ಮಿಚೆಲ್ ಜೊತೆ ಸೇರಿ ರೂಪಿಸಿದ ನಾಟಕ ಕೊನೆಗಳಿಗೆಯಲ್ಲಿ ರದ್ದಾಯಿತು, ಹಾಡುಗಳಷ್ಟೇ ಉಳಿದವು. ಆ ವರ್ಷದ ಮೇ ತಿಂಗಳಲ್ಲಿ ಬಂದಿದ್ದ ದ ಹೂ ತಂಡದ ‘ಟಾಮಿ’ ಅಷ್ಟರಲ್ಲಿ ರಾಕ್ ಒಪೆರಾದ ಕೀರ್ತಿಯನ್ನೆಲ್ಲ ಕೊಂಡೊಯ್ದಿತ್ತು. ‘ಶಾಂಗ್ರಿ-ಲಾ’ ಸಾಲ ಮಾಡಿ ಸ್ವಂತ ಮನೆ ಕೊಂಡು, ಬೆಂಕಿಯ ಮುಂದಿನ ಆರಾಮ ಕುರ್ಚಿಯಲ್ಲಿ ಕುಳಿತ ಗೃಹಸ್ಥನಿಗೆ ಹೇಳುವ ಮಾತು. ಗಿಟಾರಿನ ಮೆಲುಮೀಟಿನಿಂದ ಶುರುವಾಗಿ ಹಿತ್ತಾಳೆ ವಾದ್ಯಗಳು ತುಂಬಿಕೊಳ್ಳುವವರೆಗೂ ಇದು ಹರಕೆಯೋ ಕುಹಕವೋ ತಿಳಿಯುವುದಿಲ್ಲ. ನಡುವೆ ಲಯ ಮುರಿದು, ಒಂದೇ ಅಚ್ಚಿನ ಮನೆಗಳನ್ನೂ ಕಂತುಗಳ ಭಯವನ್ನೂ ರೇ ಸಿಟ್ಟಿನಿಂದ ಎಣಿಸುತ್ತಾರೆ. ಆಮೇಲೆ ಮೊದಲಿನ ರಾಗ ಮರಳಿದಾಗ ಆ ಮನುಷ್ಯನ ಮೇಲೆ ನಮಗೆ ಉಳಿಯುವುದು ಕರುಣೆ ಮಾತ್ರ. ‘ವೆಲ್ ರೆಸ್ಪೆಕ್ಟೆಡ್ ಮ್ಯಾನ್’ ಬರೆದವರು ನಾಲ್ಕು ವರ್ಷಗಳಲ್ಲಿ ನಡೆದ ದೂರ ಇದು. ಬಿಡಿ ರೆಕಾರ್ಡಾಗಿ ಹಾಡು ಸೋತಿತು.

‘ಲೋಲಾ’ (1970) ತಂಡವನ್ನು ಮತ್ತೆ ಗೆಲ್ಲಿಸಿತು. ಹಾಡಿನಲ್ಲಿದ್ದ ‘ಕೋಕಾ-ಕೋಲಾ’ ಹೆಸರನ್ನು ಬಿಬಿಸಿ ಒಪ್ಪದ ಕಾರಣ, ಒಂದೇ ಪದ ಬದಲಿಸಲು ರೇ ಅಮೆರಿಕದಿಂದ ಲಂಡನ್ನಿಗೆ ಹಾರಿಬಂದರು. ಹೆಣ್ಣುಡುಗೆಯ ವ್ಯಕ್ತಿಯೊಬ್ಬರನ್ನು ಹಾಸ್ಯದ ವಸ್ತುವಾಗಿಸದೆ ಆ ಕಾಲದಲ್ಲಿ ಹಾಡಿದ್ದು ದಿಟ್ಟತನವೇ. ಆದರೂ ಆ ಹಾಡಿರುವ ಆಲ್ಬಮ್ಮಿನಲ್ಲಿ ನನ್ನ ಮನಸ್ಸಿಗೆ ಹತ್ತಿರವಾದದ್ದು ತಮ್ಮ ಡೇವ್ ಬರೆದು ಹಾಡಿದ ‘ಸ್ಟ್ರೇಂಜರ್ಸ್’. ನಿರ್ದೇಶಕ ವೆಸ್ ಆ್ಯಂಡರ್ಸನ್ ರಾಜಸ್ಥಾನದಲ್ಲಿ ಚಿತ್ರಿಸಿದ 2007ರ ‘ದ ಡಾರ್ಜಿಲಿಂಗ್ ಲಿಮಿಟೆಡ್’ ಚಿತ್ರದಲ್ಲಿ ಅದನ್ನು ಬಳಸಿದ್ದಾರೆ. ಡೇವ್‌ನನ್ನು ಸ್ಪೀಕರ್ ಸೀಳಿದ ಹುಡುಗನಾಗಿ ಮಾತ್ರ ನೆನೆಯುವುದು ಅನ್ಯಾಯ.

1971ರ ನಂತರದ ಬಹುಭಾಗವನ್ನು ಬಿಟ್ಟರೂ ನಷ್ಟವಿಲ್ಲ. ‘ಪ್ರಿಸರ್ವೇಶನ್’ನಂಥ ರಂಗಕೃತಿಗಳಲ್ಲಿ ಮನುಷ್ಯರು ಸೂತ್ರದ ಗೊಂಬೆಗಳಾದರು. ಎಪ್ಪತ್ತರ ದಶಕದ ಕೊನೆಗೆ ಅಮೆರಿಕದ ದೊಡ್ಡ ಸಭಾಂಗಣಗಳು ತುಂಬಿದವು, ಹಾಡುಗಳು ಬಡವಾದವು. 1983ರಲ್ಲಿ ಅಮೆರಿಕದಲ್ಲಿ ಆರನೆಯ ಸ್ಥಾನಕ್ಕೇರಿದ ‘ಕಮ್ ಡ್ಯಾನ್ಸಿಂಗ್’ ದೊಡ್ಡ ಅಪವಾದ. ಅಲ್ಲಿ ಕುಣಿಯುವವಳು ಅಕ್ಕ.

ಹೊಸದಾಗಿ ಕೇಳಹೊರಟವರು ಜನಪ್ರಿಯ ಹಾಡುಗಳ ಸಂಕಲನದಿಂದ ಶುರುಮಾಡಬೇಡಿ. 1966ರ ‘ಫೇಸ್ ಟು ಫೇಸ್’ನಿಂದ 1970ರ ‘ಲೋಲಾ’ ಆಲ್ಬಮ್ಮಿನವರೆಗೆ ಕಿಂಕ್ಸ್ ವರ್ಷಕ್ಕೊಂದರಂತೆ ಐದು ಆಲ್ಬಂಗಳನ್ನು ತಂದರು. ಅವನ್ನು ಅದೇ ಕ್ರಮದಲ್ಲಿ, ಹಾಡು ಹಾರಿಸದೆ ಕೇಳಿ.